ಗಾಜು ಬೆವರದ ಹಾಗೆ

೧೦ ಜುಲೈ ೧೯೭೯, ಮಂಗಳವಾರ. ಸಾಗರ

ಅಪ್ಪ ಬಿದ್ದರು. ಸ್ಟುಡಿಯೋ ಹಿಂದಿನ ಮೆಟ್ಟಿಲ ಪಾಚಿಯ ಮೇಲೆ ಜಾರಿ ಎಡಗಾಲು ಮುರಿದುಕೊಂಡರು. ಕೈಯಲ್ಲಿದ್ದ ಕ್ಯಾಮೆರಾವನ್ನು ಮಾತ್ರ ತಲೆಯ ಮೇಲೆ ಎತ್ತಿ ಹಿಡಿದುಕೊಂಡೇ ಬಿದ್ದರು, ಅದಕ್ಕೆ ಒಂದು ಗೀರೂ ಆಗಿಲ್ಲ. ಅಮ್ಮ ಅಳುತ್ತಾ ಓಡಿಬಂದರೆ ಅವರು ಆಡಿದ ಮೊದಲ ಮಾತು, "ಮೊದ್ಲು ಇದನ್ನ ಹಿಡ್ಕೋ."

ಡಾಕ್ಟರು ಪಟ್ಟಿ ಹಾಕಿ ಆರು ವಾರ ಅಲ್ಲಾಡಬಾರದು ಎಂದರು. "ಆರು ವಾರನಾ? ಅಷ್ಟೊತ್ತಿಗೆ ಮರಿಗಳೆಲ್ಲ ಹಾರಿ ಹೋಗ್ತಾವಲ್ಲ ಸ್ವಾಮಿ!" ಎಂದು ಅಪ್ಪ ಕಿರುಚಿದರು. ತಲೆಗೂ ಪೆಟ್ಟು ಬಿದ್ದಿದೆಯಾ ಎಂದು ಡಾಕ್ಟರು ಅಮ್ಮನನ್ನು ಮೆಲ್ಲಗೆ ಕೇಳಿದರು. ನನಗೆ ನಗು ತಡೆಯಲಾಗದೆ ಹೊರಗೆ ಓಡಿದೆ. ಅಪ್ಪನ ಕಾಲು ಮುರಿದ ದಿನ ನಕ್ಕ ಮಗಳು ನಾನೊಬ್ಬಳೇ ಇರಬೇಕು.

ಮರಿಗಳು ಎಂದರೆ ಮಂಡಗದ್ದೆಯ ಬೆಳ್ಳಕ್ಕಿ ಮರಿಗಳು. ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಸಾವಿರಗಟ್ಟಲೆ ಹಕ್ಕಿಗಳು ಗೂಡು ಕಟ್ಟುತ್ತವೆ. ಅವುಗಳ ಚಿತ್ರ ಮುಂದಿನ ವರ್ಷದ ಕ್ಯಾಲೆಂಡರಿಗೆ ಬೇಕೆಂದು ಶಿವಮೊಗ್ಗದ ಪ್ರೆಸ್ಸಿನವರು ಅಪ್ಪನಿಗೆ ಹೇಳಿದ್ದಾರೆ. ಆಗಸ್ಟ್ ಒಂದರೊಳಗೆ ನೆಗೆಟಿವ್ ತಲುಪಬೇಕು. ಹೋದ ವರ್ಷವೂ ಕೇಳಿದ್ದರು. ಅಪ್ಪ ಹೋಗಿ ತೆಗೆದ ಹನ್ನೆರಡಕ್ಕೆ ಹನ್ನೆರಡೂ ಹಾಲು ಚೆಲ್ಲಿದ ಹಾಗೆ ಬಂದವು. ಗಾಜಿನ ಒಳಗೆ ಮಂಜು ಕೂತಿತ್ತು. ಈ ಸಲವೂ ಹಾಗಾದರೆ ಕ್ಯಾಮೆರಾ ಮಾರಿ ಸ್ಟುಡಿಯೋ ಬಾಗಿಲು ಹಾಕುವುದಾಗಿ ಯುಗಾದಿಯ ದಿನ ಬಸದಿಯಲ್ಲೇ ನಿಂತು ಶಪಥ ಮಾಡಿದ್ದಾರೆ. ಶಿವಮೊಗ್ಗದ ಮಂಜುನಾಥಪ್ಪ ಎಂಬ ಸ್ಟುಡಿಯೋ ಮಾಲೀಕರಿಗೆ ಆ ಕ್ಯಾಮೆರಾದ ಮೇಲೆ ಮೊದಲಿನಿಂದಲೂ ಕಣ್ಣು.

೧೨ ಜುಲೈ, ಗುರುವಾರ

"ನಾನು ಹೋಗ್ತೀನಿ" ಅಂದೆ.

ಅಪ್ಪ ನಕ್ಕರು. ಮುರಿದ ಕಾಲು ಅಲ್ಲಾಡಿ ನೋವಾಗಿ ನಗು ನಿಲ್ಲಿಸಿದರು. ಹತ್ತು ವರ್ಷದಿಂದ ಕತ್ತಲೆ ಕೋಣೆಯಲ್ಲಿ ಫಿಲಂ ತೊಳೆಯುವವಳು ನಾನು, ಒಣಗಿಸುವವಳು ನಾನು, ಮದುಮಗನ ಬೋಳು ಹಣೆಗೆ ಪೆನ್ಸಿಲಿನಲ್ಲಿ ಕೂದಲು ಬೆಳೆಸುವವಳೂ ನಾನು. ಆದರೆ ಗುಂಡಿ ಒತ್ತುವವರು ಅಪ್ಪ ಮಾತ್ರ. "ನೀನು ಹತ್ರ ಬಂದು ಉಸಿರು ಬಿಟ್ರೇ ಗಾಜು ಮಬ್ಬಾಗ್ತದೆ ಪ್ರಭಾ" ಅನ್ನುತ್ತಾರೆ.

ಇಡೀ ದಿನ ಮುಖ ಊದಿಸಿಕೊಂಡು ಕೂತೆ. ಸಂಜೆ ಊಟಕ್ಕೂ ಏಳಲಿಲ್ಲ. ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲವಾದ್ದರಿಂದ ಇದು ಪರಿಣಾಮಕಾರಿ ಅಸ್ತ್ರ, ಐದೂಮುಕ್ಕಾಲಿಗೇ ಅಮ್ಮ ಅಪ್ಪನ ಮೇಲೆ ಹರಿಹಾಯ್ದಳು. ಆರಕ್ಕೆ ಒಪ್ಪಿಗೆ ಸಿಕ್ಕಿತು. ಆರೂಕಾಲಿಗೆ ಮೂರು ರೊಟ್ಟಿ ತಿಂದೆ!

೧೪ ಜುಲೈ, ಶನಿವಾರ. ಮಂಡಗದ್ದೆ

ಅಪ್ಪನ ಕ್ಯಾಮೆರಾವನ್ನು ಅಮ್ಮನ ಹಳೇ ಸೀರೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಹೊಸನಗರದಲ್ಲಿ ಬಸ್ಸು ಬದಲಿಸಿದೆ. ಕೋಣಂದೂರಿನಲ್ಲಿ ಹತ್ತಿ ಪಕ್ಕ ಕೂತ ಹೆಂಗಸು ಮಡಿಲನ್ನೇ ನೋಡಿ, "ಎಷ್ಟ್ ತಿಂಗ್ಳು ಕೂಸಿಗೆ?" ಎಂದಳು.

"ಹದಿನೆಂಟು ವರ್ಷ" ಅಂದೆ. ಅಪ್ಪ ಅದನ್ನು ಕೊಂಡು ಅಷ್ಟೇ ಆಯಿತಲ್ಲ. ಆಕೆ ಮುಂದಿನ ಸೀಟಿಗೆ ಎದ್ದು ಹೋದಳು. ತೀರ್ಥಹಳ್ಳಿ ಬರುವವರೆಗೂ ತಿರುಗಿ ತಿರುಗಿ ನೋಡುತ್ತಿದ್ದಳು. ಅಲ್ಲಿಂದ ಮೂರನೇ ಬಸ್ಸು ಹಿಡಿದು ಇಲ್ಲಿಗೆ ಬಂದಿಳಿದಾಗ ಬೆನ್ನು ಹಿಡಿದುಕೊಂಡಿತ್ತು, ಖುಷಿ ಮಾತ್ರ ಹಿಡಿಯುವಂತಿರಲಿಲ್ಲ.

ಇಲ್ಲಿ ವಿಜಯತ್ತೆಯ ಮನೆ. ಅಪ್ಪನ ಅಕ್ಕ, ವಿಜಯಲಕ್ಷ್ಮೀ. ಮಾವ ಹೋದ ಮೇಲೆ ಸೈಕಲ್ ಶಾಪಿನ ಹಿಂದಿನ ಎರಡು ಕೋಣೆಯಲ್ಲಿ ಹಪ್ಪಳ, ಸಂಡಿಗೆ ಮಾಡಿ ಶಿವಮೊಗ್ಗದ ಅಂಗಡಿಗಳಿಗೆ ಕಳಿಸುತ್ತಾಳೆ. ಅತ್ತೆಗೆ ಜಗತ್ತಿನಲ್ಲಿ ಒಬ್ಬನೇ ವೈರಿ, ಬೂಷ್ಟು. ಅದರಲ್ಲಿ ಕೋಟಿ ಜೀವ ಇರುತ್ತವೆ, ತಿಂದರೂ ಪಾಪ, ಒರೆಸಿದರೂ ಪಾಪ, ಆದ್ದರಿಂದ ಬೂಷ್ಟು ಹುಟ್ಟಲಿಕ್ಕೇ ಬಿಡಬಾರದು ಎನ್ನುತ್ತಾಳೆ. ಈಗಂತೂ ಚಾತುರ್ಮಾಸ, ಕೇಳುವುದೇ ಬೇಡ. ನಾನು ಚಪ್ಪಲಿ ಬಿಡುವ ಮೊದಲೇ ಚಪ್ಪಲಿಯ ಅಡಿ ತಿರುಗಿಸಿ ನೋಡಿದಳು.

ಅಪ್ಪ ಒಂದು ಚೀಟಿಯಲ್ಲಿ ಒಂಬತ್ತು ನಿಯಮ ಬರೆದುಕೊಟ್ಟಿದ್ದಾರೆ. ನಾಲ್ಕನೆಯದಕ್ಕೆ ಎರಡು ಗೆರೆ ಎಳೆದಿದ್ದಾರೆ: ರಾತ್ರಿ ಬಚ್ಚಲ ಒಲೆಯ ಮೇಲೆ, ಒದ್ದೆಬಟ್ಟೆ ಒಣಗಿಸುವ ಗಳುವಿಗೆ ಕಟ್ಟು, ಬೆಚ್ಚಗಿರಲಿ. ಹಾಗೆಯೇ ಕಟ್ಟಿದ್ದೇನೆ. ಅತ್ತೆಯ ಎರಡು ಸೀರೆ, ನನ್ನ ಲಂಗ, ನಡುವೆ ಕ್ಯಾಮೆರಾ. ಕೆಳಗೆ ಹಂಡೆ ಕುದಿಯುತ್ತಿದೆ. ಪಾಪ, ಎಷ್ಟು ಬೆಚ್ಚಗಿದೆಯೋ!

೧೫ ಜುಲೈ, ಭಾನುವಾರ

ಹಕ್ಕಿಗಳು! ಮರ ಕಾಣುವುದೇ ಇಲ್ಲ, ಬರೀ ಹಕ್ಕಿ. ಬಿಳಿ ಬೆಳ್ಳಕ್ಕಿ, ಕರಿ ನೀರುಕಾಗೆ, ಕತ್ತು ಮಾತ್ರ ನೀರಿನ ಮೇಲೆ ಎತ್ತಿಕೊಂಡು ಈಜುವ ಹಾವಕ್ಕಿ. ಗಲಾಟೆ ಹೇಗಿದೆ ಎಂದರೆ ದಡದಲ್ಲಿ ನಿಂತು ಕೂಗಿದರೂ ದೋಣಿ ದುಗ್ಗಪ್ಪನಿಗೆ ಕೇಳುವುದಿಲ್ಲ. ಅರವತ್ತು ದಾಟಿದ ಮನುಷ್ಯ, ಹೊಳೆಯೆಂದರೆ ಅವನ ಹಿತ್ತಲು. ನಡುಗಡ್ಡೆಯ ಮರೆಯಲ್ಲಿ ನೀರು ನಿಧಾನವಿರುವ ಕಡೆ ನಿಲ್ಲಿಸುತ್ತೇನೆ ಎಂದ.

ಕ್ಯಾಮೆರಾ ತೆಗೆದೆ. ಮೇಲಿನ ಗಾಜಿನಲ್ಲಿ ನೋಡಿದರೆ ಹಕ್ಕಿ ಇಲ್ಲ, ಮರ ಇಲ್ಲ. ಹಾಲು.

ಕ್ಯಾಮೆರಾದ ಮುಖ ನನ್ನ ಕಡೆ ತಿರುಗಿಸಿದೆ. ಒಂದರ ಮೇಲೊಂದಿರುವ ಎರಡೂ ಲೆನ್ಸಿನ ಕಣ್ಣುಗಳ ಒಳಗೆ ಬೆವರು. ಹೊರಗಿದ್ದರೆ ಒರೆಸಬಹುದು, ಒಳಗಿನದನ್ನು ಏನು ಮಾಡುವುದು? ಕಾದೆ, ಬೈದೆ, ಸೆರಗಿನಲ್ಲಿ ಗಾಳಿ ಹಾಕಿದೆ. "ಅದ್ಕೆ ಕಣ್ಣು ಬಂದದೇನ್ರಮ್ಮಾ?" ಎಂದು ದುಗ್ಗಪ್ಪ ಕೇಳಿದ. ಹೊಳೆಗೆ ಹಾರಿಬಿಡೋಣ ಅನ್ನಿಸಿತು, ಅವನನ್ನು ಮೊದಲು ತಳ್ಳಿ.

೧೬ ಜುಲೈ, ಸೋಮವಾರ

ನಿನ್ನೆ ಬೆಂಕಿ ಸಾಲಲಿಲ್ಲವೇನೋ ಎಂದು ರಾತ್ರಿ ಎರಡು ಕೊರಡು ಹೆಚ್ಚು ಹಾಕಿದ್ದೆ. ಇವತ್ತು ಇನ್ನೂ ಹಾಲು. ಕೆನೆ ಕಟ್ಟಿದ ಹಾಲು.

ಅತ್ತೆಯ ಮೇಲೆ ರೇಗಿದೆ, ಕಾರಣ ಇಲ್ಲ. ಅಳಲಿಲ್ಲ. ಸ್ವಲ್ಪ ಅತ್ತೆ.

೧೭ ಜುಲೈ, ಮಂಗಳವಾರ

ಎಂಥಾ ದಿನ!

ಮಧ್ಯಾಹ್ನ ಮತ್ತೆ ಕ್ಯಾಮೆರಾವನ್ನು ಬಚ್ಚಲಿಗೆ ಒಯ್ಯುವಾಗ ಅತ್ತೆ ಅಡ್ಡ ನಿಂತಳು. "ಎಂತ ಮಾಡ್ತೀಯೇ ಅದನ್ನ ಅಲ್ಲಿ?"

"ಒಣಗಿಸ್ತೀನಿ."

"ಒದ್ದೆಬಟ್ಟೆ ಆವಿ ಕುಡಿಸಿ ಒಣಗಿಸ್ತೀಯಾ? ನಿಮ್ಮಪ್ಪನೂ ಹೋದ ವರ್ಷ ಹಿಂಗೇ ಮೂರು ದಿನ ಅಲ್ಲೇ ನೇತು ಹಾಕಿದ್ದ. ನಾನೊಂದು ಮಾತು ಅಂದ್ರೆ, 'ನಿಂಗೇನ್ ಗೊತ್ತು ಹಪ್ಪಳದೋಳಿಗೆ' ಅಂದ. ನಾನು ಸುಮ್ನಾದೆ."

ನಿಂತಲ್ಲೇ ಎಲ್ಲ ಅರ್ಥವಾಯಿತು. ಒಂದು ವರ್ಷದಿಂದ ಅಪ್ಪ ಬೈಯದ ಜನವಿಲ್ಲ. ಫಿಲಂ ಮಾರಿದವನನ್ನು ಬೈದರು, ಬಸ್ಸಿನ ಡ್ರೈವರನ್ನು ಬೈದರು, ಮೋಡವನ್ನು ಬೈದರು. ಆ ಗಳುವಿನ ಮಾತು ಮಾತ್ರ ಒಮ್ಮೆಯೂ ಎತ್ತಲಿಲ್ಲ.

ಅತ್ತೆ ನನ್ನನ್ನು ಹಪ್ಪಳದ ಡಬ್ಬಿಗಳ ಮುಂದೆ ಕೂರಿಸಿದಳು. "ನೋಡು, ಬಿಸಿ ಇದ್ದಾಗ ಮುಚ್ಚಳ ಮುಚ್ಚಿ ತಣ್ಣಗಿರೋ ಕಡೆ ಇಟ್ರೆ ಒಳಗೇ ಬೆವರ್ತದೆ. ತಣ್ಣಗಿರೋ ಡಬ್ಬಿ ತಂದು ಬೆಚ್ಚನೆ ಅಡುಗೆಮನೇಲಿ ಮುಚ್ಚಳ ತೆಗೆದ್ರೆ ಹಪ್ಪಳದ ಮೈಮೇಲೆ ಬೆವರ್ತದೆ. ಡಬ್ಬಿಗೂ ಕೋಣೆಗೂ ಒಂದೇ ಹದ ಆಗೋ ತಂಕ ಮುಚ್ಚಳ ಮುಟ್ಟಬಾರ್ದು. ಇಷ್ಟೇ ಕಣೆ ವಿದ್ಯೆ."

"ಹದ ಆಗಿದೆ ಅಂತ ಹೆಂಗೆ ಗೊತ್ತಾಗೋದು?"

ಅತ್ತೆ ಡಬ್ಬಿಗೆ ಕೆನ್ನೆ ಒತ್ತಿದಳು. ನಾನೂ ಒತ್ತಿದೆ. ಆ ಕಡೆ ಅವಳ ಕೆನ್ನೆ, ಈ ಕಡೆ ನನ್ನದು, ನಡುವೆ ಡಬ್ಬಿ. ಇಬ್ಬರಿಗೂ ನಗು ಬಂದು ಬಿಕ್ಕಳಿಕೆ ಹಿಡಿಯಿತು.

ಅಪ್ಪನ ಹಳೇ ಲೆನ್ಸಿನಲ್ಲಿ ಬೂಷ್ಟು ಬೆಳೆದ ಸುದ್ದಿಯನ್ನು ಬಾಯಿ ತಪ್ಪಿ ಹೇಳಿಬಿಟ್ಟೆ. ಅತ್ತೆ ಕಿವಿ ಮುಚ್ಚಿಕೊಂಡಳು. "ಗಾಜಿನೊಳಗೆ ಜೀವ ಹುಟ್ಟಿಸಿದ್ನಾ! ಅಯ್ಯೋ ಸ್ವಾಮಿ, ಆಮೇಲೆ ಒರೆಸಿದ್ನಾ?" ಒರೆಸಿಲ್ಲ, ಕಪಾಟಿನಲ್ಲಿದೆ ಅಂದೆ. ಅಲ್ಲಿಯೇ ಸುಖವಾಗಿರಲಿ ಎಂದಳು.

೧೮ ಜುಲೈ, ಬುಧವಾರ

ಬೆಳಗಿನಿಂದ ಅಕ್ಕಿ ಹುರಿದೆವು. ಕಂದು ಬಣ್ಣ ಬರುವವರೆಗೆ ಹುರಿದು, ಹೊರಗಿನ ತೇವ ಹೀರದ ಹಾಗೆ ಒಲೆಯ ಪಕ್ಕವೇ ಬಿಗಿಯಾದ ಡಬ್ಬಿಯಲ್ಲಿ ಆರಿಸಿ, ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿ, ಹಪ್ಪಳದ ದೊಡ್ಡ ಡಬ್ಬಿಯೊಳಗೆ ಕ್ಯಾಮೆರಾದ ಪಕ್ಕ ಮಲಗಿಸಿದೆವು. ಹುರಿದ ಅಕ್ಕಿ ಡಬ್ಬಿಯ ತೇವವನ್ನೆಲ್ಲ ಹೀರುತ್ತದಂತೆ. ಮುಚ್ಚಳದ ಸುತ್ತ ಸೈಕಲ್ ಶಾಪಿನ ಜಯಪ್ಪ ಕೊಟ್ಟ ಹಳೇ ಟ್ಯೂಬಿನ ಪಟ್ಟಿ. "ಗಾಳಿ ಹೊರಗೆ ಹೋಗದ ಹಾಗೆ ಮಾಡೋದು ಗೊತ್ತು, ಒಳಗೆ ಬರದ ಹಾಗೆ ಇದೇ ಮೊದ್ಲು" ಎಂದ ಜಯಪ್ಪ.

ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಕತ್ತರಿಸಿ ಕ್ಯಾಮೆರಾಗೊಂದು ಮಳೆಗೆ ತಲೆಯಿಂದ ಹೊದೆಯುವ ಪುಟ್ಟ ಕೊಪ್ಪೆಯನ್ನೂ ಹೊಲಿದೆ. ಗದ್ದೆಗೆ ಹೊರಟ ಹೆಂಗಸಿನ ಹಾಗೆ ಕಾಣುತ್ತದೆ. ಅದಕ್ಕೆ ಕೆರಿಯಮ್ಮ ಎಂದು ಹೆಸರಿಟ್ಟೆ.

೨೦ ಜುಲೈ, ಶುಕ್ರವಾರ

ಗಾಜು ಒಣಗಿದೆ! ಪೂರ್ತಿ! ಅತ್ತೆಯ ಮೂಗಿನ ನತ್ತು, ಅದರ ಕೆಂಪು ಹರಳು, ಹರಳಿನಲ್ಲಿ ಕಿಟಕಿ, ಎಲ್ಲ ಕಾಣುತ್ತದೆ. ಕುಣಿದೆ. ಒಂದು ಸಂಡಿಗೆ ತಟ್ಟೆ ಬಿತ್ತು. ಪರವಾಗಿಲ್ಲ.

೨೨ ಜುಲೈ, ಭಾನುವಾರ

ಇವತ್ತೂ ಗಾಜು ಒಣಗಿದೆ. ದಿನಕ್ಕೆ ಎರಡು ಸಲ ಅಕ್ಕಿ ಬದಲಿಸುತ್ತೇನೆ. ನಿನ್ನೆ ಹೊಳೆಗೆ ಹೋದೆ. ಗಾಳಿಯಲ್ಲಿ ತೇವ ಜಾಸ್ತಿ ಅನ್ನಿಸಿ ಡಬ್ಬಿ ತೆರೆಯದೆ ವಾಪಸು ಬಂದೆ. ಇವತ್ತು ತುಂತುರು ಇತ್ತು. ತೆರೆಯಲಿಲ್ಲ. ಕೆರಿಯಮ್ಮ ಆರೋಗ್ಯವಾಗಿದ್ದಾಳೆ.

ಸಂಜೆ ಅತ್ತೆ ಕೇಳಿದಳು, "ಎಷ್ಟು ತೆಗೆದೆ?"

"ಒಂದೂ ಇಲ್ಲ. ಆದ್ರೆ ಒಳಗೆ ಒಂದು ಹನಿಯೂ..."

"ಡಬ್ಬಿ ತುಂಬ ಹಪ್ಪಳ ಇಟ್ಕೊಂಡು ಬೂಷ್ಟು ಬಂದಿಲ್ಲ ಅಂತ ದಿನಾ ನೋಡ್ಕೊಂಡು ಕೂತಿದ್ರೆ ನಾನು ಮಣ್ಣು ತಿನ್ಬೇಕಿತ್ತು ಮಾರಾಯ್ತಿ. ಕರಿಯೋಕೆ ಅಲ್ವೇನೇ ಹಪ್ಪಳ ಇರೋದು?"

ಸಿಟ್ಟು ಬಂತು. ಊಟ ಬೇಡ ಅಂದೆ. ಇಲ್ಲಿ ಆ ಅಸ್ತ್ರ ನಡೆಯಲಿಲ್ಲ, ಅತ್ತೆ ಹೊತ್ತು ಮುಳುಗಿದ್ದೇ ಪಾತ್ರೆ ತೊಳೆದಿಟ್ಟಳು. ಹೊಟ್ಟೆ ತಾಳ ಹಾಕುತ್ತಿದೆ. ಇನ್ನು ಹತ್ತೇ ದಿನ. ದೊಡ್ಡ ಮರಿಗಳು ಆಗಲೇ ಕೊಂಬೆಯಿಂದ ಕೊಂಬೆಗೆ ನೆಗೆಯುತ್ತಿವೆ. ನಾನು ಎಂಥಾ ಪೆದ್ದಿ.

ಡಬ್ಬಿಯನ್ನು ಒಳಗಿನಿಂದ ಎತ್ತಿ ಜಗುಲಿಯಲ್ಲಿಟ್ಟಿದ್ದೇನೆ. ಬೆಳಗ್ಗೆ ಹೊಳೆಯ ಚಳಿಗೂ ಜಗುಲಿಯ ಚಳಿಗೂ ಹೆಚ್ಚು ವ್ಯತ್ಯಾಸವಿರುವುದಿಲ್ಲ. ಇನ್ನು ಅದನ್ನು ಬೆಚ್ಚನೆ ಕೋಣೆಗೆ ತರುವುದೇ ಇಲ್ಲ.

೨೪ ಜುಲೈ, ಮಂಗಳವಾರ

ನಿಧಾನವಾಗಿ ಬರೆಯಬೇಕು. ಆಗುತ್ತಿಲ್ಲ!

ಬೆಳಗ್ಗೆಯೇ ಡಬ್ಬಿ ಹೊತ್ತು ಹೊಳೆಗೆ ಹೋದೆ. ಜೋರು ಮಳೆ. ದುಗ್ಗಪ್ಪನ ದೋಣಿ ಚಪ್ಪರದ ಕೆಳಗೆ ಕಾದೆವು. ಹತ್ತಾಯಿತು, ಹನ್ನೆರಡಾಯಿತು, ಮೂರಾಯಿತು. ಮಳೆ ಬಿಡುವ ಲಕ್ಷಣ ಕಂಡು ದಡಕ್ಕೆ ಹೋಗಿ ಆಕಾಶ ನೋಡಿ ಬಂದೆ. ಬಂದು ನೋಡಿದರೆ ದುಗ್ಗಪ್ಪನ ಕೈಯಲ್ಲಿ ಅಕ್ಕಿಯ ಚೀಲ, ಬಾಯಿಯಲ್ಲಿ ಅಕ್ಕಿ. ಮುಕ್ಕಾಲು ಖಾಲಿ.

"ಒಂಚೂರು ಉಪ್ಪು ಹಾಕಿ ಹುರಿಬಾರ್ದಿತ್ತೇನ್ರಮ್ಮಾ?" ಎಂದ.

"ಅದು ಕ್ಯಾಮೆರಾದ ಅಕ್ಕಿ ದುಗ್ಗಪ್ಪಾ!"

ಅವನು ಜಗಿಯುವುದನ್ನು ನಿಲ್ಲಿಸಿ ಕ್ಯಾಮೆರಾವನ್ನೂ ನನ್ನನ್ನೂ ನೋಡಿದ. "ಅದು ಅಕ್ಕಿ ತಿಂತದಾ? ಹಂಗಾರೆ ಮೊದ್ಲೇ ಹೇಳ್ಬಾರ್ದಾ. ಹೊಟ್ಟೆ ಹಸ್ದಿತ್ತು, ಮಳೆಗಾಲ, ಹುರಿದಕ್ಕಿ ಕಣ್ಣೆದ್ರು ಇಟ್ರೆ ಯಾರು ಬಿಡ್ತಾರೆ?"

ಅವನ ಮಾತು ಸರಿ. ಈ ಸೀಮೆಯಲ್ಲಿ ಮಳೆಗಾಲದಲ್ಲಿ ಹುರಿದಕ್ಕಿ ಕಂಡು ತಿನ್ನದೆ ಬಿಡುವ ಮನುಷ್ಯ ಇನ್ನೂ ಹುಟ್ಟಿಲ್ಲ. ಆದರೆ ಡಬ್ಬಿಯ ಮುಚ್ಚಳ ಎಷ್ಟು ಹೊತ್ತಿನಿಂದ ತೆರೆದಿತ್ತೋ! ನನ್ನ ಕ್ಯಾಮೆರಾ ಹಾಳಾಯಿತು, ಎಲ್ಲ ಮುಗಿಯಿತು ಎಂದುಕೊಂಡು ಕಣ್ಣು ಮುಚ್ಚಿ ಎತ್ತಿದೆ. ಕೆನ್ನೆಗೆ ಒತ್ತಿದೆ. ಹೊಳೆಗಾಳಿಯಷ್ಟೇ ತಣ್ಣಗಿತ್ತು. ಕಣ್ಣು ಬಿಟ್ಟು ಗಾಜು ನೋಡಿದೆ. ಒಂದು ಹನಿ ಇಲ್ಲ! ಅದೂ ನಾವೂ ಹೊಳೆಯೂ ಬೆಳಗಿನಿಂದ ಒಂದೇ ಹದದಲ್ಲಿ ಕೂತಿದ್ದೆವಲ್ಲ.

"ದೋಣಿ ಬಿಡು" ಅಂದೆ.

ಅಷ್ಟರಲ್ಲಿ ದಡದ ಮೇಲೆ ಅತ್ತೆ, ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಊಟದ ಡಬ್ಬಿ. "ಹೊತ್ತು ಮುಳುಗೋಕೆ ಮುಂಚೆ ಬರ್ತೀಯೋ ಇಲ್ವೋ ಅಂತ ತಂದೆ." ಹುಟ್ಟಿದಾಗಿನಿಂದ ದೋಣಿ ಹತ್ತದವಳು ಸೀರೆ ಎತ್ತಿ ಕಟ್ಟಿ ಹತ್ತಿಯೇಬಿಟ್ಟಳು. ದೋಣಿ ಒಂದು ಕಡೆ ವಾಲಿತು. ಮೂವರೂ ಕೂಗಿಕೊಂಡೆವು.

ನಡುಗಡ್ಡೆಯ ಮರೆಗೆ ಬಂದಾಗ ಮೋಡ ಹರಿದು ಬಿಸಿಲು ಬಿತ್ತು. ತೊಳೆದ ಮರ, ತೊಳೆದ ಹಕ್ಕಿ. ತಾಯಿ ಬೆಳ್ಳಕ್ಕಿ ಬಂದಿಳಿದರೆ ಮೂರು ಮರಿಗಳು ಅದರ ಕೊಕ್ಕನ್ನೇ ಹಿಡಿದು ಜಗ್ಗುತ್ತವೆ. ಒತ್ತಿದೆ. ತಿರುಗಿಸಿದೆ. ಒತ್ತಿದೆ. ಅತ್ತೆ ನನ್ನ ತಲೆಗಲ್ಲ, ಕ್ಯಾಮೆರಾಗೆ ಛತ್ರಿ ಹಿಡಿದಳು. "ಅದೆಂತದೇ ಮರಿ ಬಾಯಿಗೆ ಹಾಕ್ತಾ ಇರೋದು?" ಎಂದಳು. ಮೀನು ಅಂದೆ. "ಥೋ, ಚಾತುರ್ಮಾಸದಲ್ಲಿ!" ಎಂದು ಕಣ್ಣು ಮುಚ್ಚಿಕೊಂಡಳು. ಬೆರಳಿನ ಸಂದಿಯಿಂದ ಮತ್ತೆ ನೋಡಿದಳು.

ಮೊದಲನೇ ರೋಲು ಮುಗಿಯಿತು. ಅತ್ತೆಯ ಸೆರಗಿನ ಕೆಳಗೆ ಎರಡನೆಯದನ್ನು ಹಾಕಿದೆ. ಬಿಸಿಲು ಕೆಂಪಾಗುತ್ತಾ ಬಂದಾಗ ಅತ್ತೆಗೆ ಗಡಿಬಿಡಿ. "ಹೊತ್ತು ಮುಳುಗ್ತಾ ಇದೆ, ಬಾಯಿ ತೆಗಿ!" ಕಣ್ಣು ಗಾಜಿನ ಮೇಲೆ, ಬೆರಳು ಗುಂಡಿಯ ಮೇಲೆ, ಬಾಯಿ ತೆರೆದೆ. ರೊಟ್ಟಿಯ ಚೂರು ಬಂತು. ಒತ್ತಿದೆ. ಮತ್ತೆ ಬಾಯಿ. ಮತ್ತೆ ಚೂರು.

ದುಗ್ಗಪ್ಪ ಮರವನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿ, "ಅಲ್ಲೂ ಅದೇ, ಇಲ್ಲೂ ಅದೇ" ಎಂದು ನಗಲು ಶುರುಮಾಡಿದ. ಮೂವರೂ ನಕ್ಕು ನಕ್ಕು ದೋಣಿ ಅಲ್ಲಾಡಿ ಹನ್ನೊಂದನೆಯದು ಕೆಟ್ಟಿರಬೇಕು. ಕೆಡಲಿ!

೨೭ ಜುಲೈ, ಶುಕ್ರವಾರ. ಸಾಗರ

ಎರಡು ರೋಲನ್ನೂ ನಾನೇ ತೊಳೆದೆ. ಅಪ್ಪ ಕತ್ತಲೆ ಕೋಣೆಯ ಬಾಗಿಲ ಹೊರಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಎರಡರಲ್ಲಿ ಛತ್ರಿಯ ಕಡ್ಡಿ ಬಂದಿದೆ, ಒಂದರಲ್ಲಿ ದುಗ್ಗಪ್ಪನ ಕಿವಿ, ಒಂದು ಅಲ್ಲಾಡಿದೆ. ಉಳಿದ ಇಪ್ಪತ್ತೂ ಚೊಕ್ಕ. ಮರಿಯ ತಲೆಯ ಮೇಲೆ ಕೆದರಿದ ಪುಕ್ಕವನ್ನು ಎಣಿಸಬಹುದು.

ಅಪ್ಪ ಭೂತಗನ್ನಡಿಯಲ್ಲಿ ಒಂದೊಂದನ್ನೂ ನೋಡಿದರು. ಕೊನೆಗೆ, "ಬಚ್ಚಲ ಒಲೆ ಮೇಲೆ ಕಟ್ಟಿದ್ಯಾ?" ಎಂದರು.

ಹೂಂ ಎನ್ನಬೇಕೆಂದು ಬಸ್ಸಿನಲ್ಲೆಲ್ಲ ಯೋಚಿಸಿಕೊಂಡು ಬಂದಿದ್ದೆ. "ಎರಡು ಮೂರು ದಿನ ಕಟ್ಟಿದೆ. ಆಮೇಲೆ ಇಲ್ಲ" ಅಂದೆ.

"ಅಕ್ಕ ಹೇಳಿದ್ಲಾ?"

"ಹೂಂ. ಹಪ್ಪಳದೋಳು ಹೇಳಿದ್ಲು."

ಅಪ್ಪನ ಕಿವಿ ಕೆಂಪಾಯಿತು. ಆಮೇಲೆ ಮೆಲ್ಲಗೆ, "ಒಂದು ವರ್ಷ ಮೋಡಾನ ಬೈದ್ನಲ್ಲೇ" ಎಂದು ನಗಲು ಶುರುಮಾಡಿದರು. ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡರು. ಅವರನ್ನು ಅಷ್ಟು ಪ್ರೀತಿಯಿಂದ ನಾನು ಎಂದೂ ನೋಡಿರಲಿಲ್ಲ.

ಆಮೇಲೆ ಅಮ್ಮ ಅಡುಗೆಮನೆಗೆ ಕರೆದು ಹೇಳಿದಳು. ನಾನು ಹೋದ ಮಾರನೇ ದಿನವೇ ಅಪ್ಪ ಮಂಜುನಾಥಪ್ಪನವರಿಗೆ ಕಾಗದ ಬರೆದಿದ್ದಾರಂತೆ: ಆಗಸ್ಟ್ ಐದಕ್ಕೆ ಬಂದು ಕ್ಯಾಮೆರಾ ತಗೊಂಡು ಹೋಗಿ. ನಾನೂ ಹಾಲು ಚೆಲ್ಲಿದ ಚಿತ್ರಗಳನ್ನೇ ತರುವುದು ಖಂಡಿತ ಎಂದುಕೊಂಡಿದ್ದರು. ಬೇಡವೆಂದು ಈಗ ಬರೆಯುತ್ತಾರಾ ಎಂದರೆ ಅಮ್ಮನಿಗೆ ಗೊತ್ತಿಲ್ಲ. ನನಗೆ ಕೇಳಲು ಧೈರ್ಯವಿಲ್ಲ. ಕೊಟ್ಟ ಮಾತು ಎಂದರೆ ಅಪ್ಪನಿಗೆ ಕೊಟ್ಟ ಮಾತೇ.

೧ ಆಗಸ್ಟ್, ಬುಧವಾರ

ಪ್ರೆಸ್ಸಿನವರು ನಾಲ್ಕು ಇಟ್ಟುಕೊಂಡರು! ಮರಿಗಳು ಕೊಕ್ಕು ಜಗ್ಗುವುದು ಮೊದಲನೇ ಪುಟಕ್ಕಂತೆ. ಅತ್ತೆಗೆ ಕಾರ್ಡು ಹಾಕಿದೆ. ಅಪ್ಪ ಇನ್ನೂ ಏನೂ ಹೇಳಿಲ್ಲ. ಡಬ್ಬಿಯ ಅಕ್ಕಿ ಮೆತ್ತಗಾಗಿದೆ, ಬದಲಿಸಬೇಕು.

೫ ಆಗಸ್ಟ್, ಭಾನುವಾರ

ಮಂಜುನಾಥಪ್ಪನವರು ಹನ್ನೊಂದರ ಬಸ್ಸಿಗೆ ಬಂದರು. ಜೊತೆಗೆ ಕ್ಯಾಮೆರಾ ಒಯ್ಯಲು ಹೊಸ ಚರ್ಮದ ಚೀಲ. ನಾನು ಒಳಗೆ ಬಾಣಲೆಯಲ್ಲಿ ಅಕ್ಕಿ ಹುರಿಯುತ್ತಿದ್ದೆ, ಸೌಟು ಬಿಡುವ ಹಾಗಿರಲಿಲ್ಲ, ಬಿಟ್ಟರೆ ತಳ ಹಿಡಿಯುತ್ತದೆ.

ಹೊರಗೆ ಕಾಲು, ಪಟ್ಟಿ, ಮಳೆ ಎಲ್ಲದರ ಮಾತು ಮುಗಿಯಿತು. ಆಮೇಲೆ ಅವರು, "ಮತ್ತೆ, ಕಾಗ್ದ ಬರ್ದಿದ್ರಲ್ಲ ಪಾರ್ಶ್ವರಾಜಯ್ಯ. ತಗೊಂಡು ಹೋಗ್ಲಾ?" ಎಂದರು.

ಅಪ್ಪ ಕುರ್ಚಿ ಸರಿಸಿದ್ದು ಕೇಳಿಸಿತು.

"ತಪ್ಪಾಯ್ತು ಮಂಜುನಾಥಪ್ಪ" ಎಂದರು. "ಬರೆಯೋವಾಗ ನಂದೇ ಅಂದ್ಕೊಂಡಿದ್ದೆ. ಅದು ಈಗ ನಂದಲ್ಲ. ಒಳಗಿದ್ದಾಳೆ, ಅವಳ್ನ ಕೇಳಿ."

"ಕೊಡಲ್ಲ!" ಎಂದು ನಾನು ಅಡುಗೆಮನೆಯಿಂದಲೇ ಕೂಗಿದೆ. ಮರ್ಯಾದೆ ಇಲ್ಲದ ಹಾಗೆ ಬಹಳ ಜೋರಾಗಿ ಬಂತು. ಹೊರಗೆ ಇಬ್ಬರೂ ನಕ್ಕರು. ಅಮ್ಮ ಕಾಫಿಗೆ ನೀರಿಡುತ್ತಾ ನನ್ನ ಬೆನ್ನಿಗೊಂದು ಗುದ್ದಿದಳು.

ಅಕ್ಕಿ ಒಂದು ಕಡೆ ಸ್ವಲ್ಪ ಸೀದಿತು. ಮಂಜುನಾಥಪ್ಪನವರು ಬರಿಗೈಯಲ್ಲಿ ಹೋಗುವುದು ಬೇಡವೆಂದು ಅದರಲ್ಲೇ ಒಂದು ಹಿಡಿ ಬೆಲ್ಲದ ಜೊತೆ ತಟ್ಟೆಗೆ ಹಾಕಿ ಕೊಟ್ಟೆ. ಉಪ್ಪು ಸಾಲದು ಎಂದರು. ಉಳಿದದ್ದು ಆರಿದ ಮೇಲೆ ಚೀಲಕ್ಕೆ ಕಟ್ಟಿ ಡಬ್ಬಿಯಲ್ಲಿಟ್ಟೆ. ಕೆನ್ನೆ ಒತ್ತಿ ನೋಡಿದೆ. ಹದವಾಗಿದೆ.